ಕಂಕುಳಿಗೊಂದು ಮುಹೂರ್ತ

ಜಯನಗರದ ಆ ಸ್ಕ್ಯಾನಿಂಗ್ ಸೆಂಟರಿಗೆ ಬಂದ ಹೆಂಗಸರೆಲ್ಲ ಬಸುರಿಯರೇ ಎಂದು ಕೌಂಟರಿನ ಹುಡುಗಿ ತೀರ್ಮಾನಿಸಿಬಿಟ್ಟಿದ್ದಳು. ನನಗಾಗ ನಲವತ್ತು ದಾಟಿತ್ತು, ತಲೆ ಅರ್ಧ ನರೆತಿತ್ತು. ಆದರೂ ಚೀಟಿ ನೋಡದೆಯೇ, "ಆಂಟಿ, ನೀರು ಕುಡಿದ್ರಾ? ಬ್ಲ್ಯಾಡರ್ ಫುಲ್ ಇರ್ಬೇಕು," ಎಂದು ದೊಡ್ಡ ಬಾಟಲಿ ಕೈಗಿಟ್ಟಳು. ನಾನು ಪೆದ್ದಿಯ ಹಾಗೆ ಅಷ್ಟನ್ನೂ ಕುಡಿದೆ. ಬಹಳ ಹೊತ್ತು ಬಿಗಿಹಿಡಿದು ಕೂತ ಮೇಲೆ ಒಳಗೆ ಕರೆದ ಡಾಕ್ಟರಮ್ಮ ಚೀಟಿ ಓದಿ, "ನಿಮ್ದು ಕಂಕುಳು ಅಲ್ವಾ? ನೀರು ಯಾಕೆ ಕುಡಿದ್ರಿ?" ಎಂದು ನನ್ನನ್ನೇ ಕೇಳಿದರು. ಅಲ್ಲಿನ ಶೌಚಾಲಯದ ವರ್ಣನೆ ಮಾಡುವುದಿಲ್ಲ. ಊಟದ ಹೊತ್ತಿನಲ್ಲಿ ಯಾರಾದರೂ ಇದನ್ನು ಓದುತ್ತಿರಬಹುದು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಬಲ ಎದೆಯಲ್ಲಿದ್ದ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದ್ದ ಸರ್ಜನ್, ಕ್ಯಾನ್ಸರೇ ಎಂದು ನೇರವಾಗಿ ಹೇಳಿದ್ದರು. ಗಂಟು ಚಿಕ್ಕದು, ಅದಕ್ಕಿಂತ ಕಂಕುಳಿನದೇ ಅವರಿಗೆ ಯೋಚನೆ. ಅಲ್ಲಿ ಕಾಳುಗಳ ಹಾಗೆ ಸಣ್ಣ ಸಣ್ಣ ಗ್ರಂಥಿಗಳಿರುತ್ತವಂತೆ. ಕಾಯಿಲೆ ಎದೆ ಬಿಟ್ಟು ಹೊರಟರೆ ಮೊದಲು ಹೋಗಿ ಕೂರುವುದು ಅವುಗಳಲ್ಲಿ. "ಅಲ್ಲಿಗೆ ಹೋಗಿದ್ರೆ ತಡ ಮಾಡೋ ಹಾಗೇ ಇಲ್ಲಮ್ಮ. ಮೊದಲು ಅದೊಂದು ನೋಡ್ಕೊಂಡ್ಬಿಡೋಣ," ಎಂದು ಸ್ಕ್ಯಾನಿಂಗಿಗೆ ಬರೆದುಕೊಟ್ಟಿದ್ದರು.

ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಮಲಗಿದೆ. ಡಾಕ್ಟರಮ್ಮ ತಣ್ಣನೆಯ ಜೆಲ್ಲು ಬಳಿದು, ಕಂಕುಳ ಗುಳಿಯಲ್ಲಿ ಆ ಉಪಕರಣವನ್ನು ಒತ್ತಿ ಒತ್ತಿ ಆಡಿಸಿದರು. ಒಂದು ಕಡೆ ನಿಲ್ಲಿಸಿದರು. ಮತ್ತೆ ಅಲ್ಲಿಗೇ ಬಂದರು. ಪರದೆ ಅವರ ಕಡೆಗಿತ್ತು. ನನಗೆ ಕಂಡದ್ದು ಗೋಡೆಯ ಬೋರ್ಡು ಮಾತ್ರ: ಮಗು ಗಂಡೋ ಹೆಣ್ಣೋ ಇಲ್ಲಿ ತಿಳಿಸಲಾಗುವುದಿಲ್ಲ. ನನಗೂ ಏನೂ ತಿಳಿಸಲಾಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಏನು ಕಾಣುತ್ತಿದೆ ಎಂದು ಕೇಳಿದರೆ, "ನೀವು ಹೊರಗೆ ಕೂತಿರಿ. ಯಜಮಾನ್ರನ್ನ ಕಳಿಸಿ," ಎಂದರು.

ನನ್ನ ಗಂಡ ಒಳಗೆ ಹೋಗಿ ಬಂದರು. ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, "ಕಂಕುಳಲ್ಲಿ ಏನೂ ಇಲ್ವಂತೆ. ಸರ್ಜನ್ ಹತ್ರ ನಾನು ಮಾತಾಡ್ತೀನಿ. ಗೃಹಪ್ರವೇಶ ಮುಗಿಸ್ಕೊಂಡು ನಿಧಾನಕ್ಕೆ ಆಪರೇಷನ್ ಮಾಡಿಸೋಣ," ಎಂದರು. ನಾನು ನಂಬಿದೆ. ಸಂತೋಷಕ್ಕೆ ದಾರಿಯಲ್ಲಿ ಅವರೊಂದಿಗೆ ಮಸಾಲೆದೋಸೆಯನ್ನೂ ತಿಂದೆ.

ಗಿರಿನಗರದಲ್ಲಿ ನಮ್ಮ ಮನೆ ಮುಗಿಯುತ್ತಾ ಬಂದಿತ್ತು. ಆಷಾಢ ಹುಟ್ಟುವ ಮೊದಲಿನ ಕೊನೆಯ ಮುಹೂರ್ತಕ್ಕೆ ಗೃಹಪ್ರವೇಶ ಇಟ್ಟುಕೊಂಡಿದ್ದರು. ಅದು ತಪ್ಪಿದರೆ ಶ್ರಾವಣದವರೆಗೆ ಕಾಯಬೇಕು. ಪತ್ರಿಕೆ ಹಂಚಿ ಆಗಿತ್ತು. ಗಂಡಹೆಂಡತಿ ಇಬ್ಬರೂ ಪೂಜೆಗೆ ಕೂತು ಹಾಲುಕ್ಕಿಸಬೇಕೆಂದು ಅತ್ತೆ ದಿನಕ್ಕೆರಡು ಸಲ ನೆನಪಿಸುತ್ತಿದ್ದರು.

ಮುಂದಿನ ಮಂಗಳವಾರ ಅತ್ತೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ಗುಡಿಗೆ ಹೊರಟರು. ಮಂಡಿನೋವಿಗೆ ನಡುಮನೆಯಿಂದ ಅಡುಗೆಮನೆಗೆ ಬರಲೂ ನರಳುವವರು ಅಷ್ಟು ದೂರ ಹೋದದ್ದು ಕಂಡು, ಏನು ಹರಕೆ ಎಂದು ನನ್ನ ಓರಗಿತ್ತಿಯನ್ನು ಕೇಳಿದೆ. ಅವಳು ಬೀನ್ಸಿನ ನಾರು ತೆಗೆಯುತ್ತಾ, "ನಿಮಗೋಸ್ಕರಾನೇ ಅಕ್ಕ. ಕಂಕುಳಿಗೆ ಹೋಗಿದ್ಯಲ್ಲ, ಗೃಹಪ್ರವೇಶದ ತನಕ ಜೋರಾಗ್ದೆ ತಡ್ಕೊಳ್ಲಿ ಅಂತ," ಎಂದಳು. ನನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು. ಮನೆಮಂದಿಗೆಲ್ಲ ಗೊತ್ತಿತ್ತು, ದೇವರಿಗೂ ಅರ್ಜಿ ಹೋಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಆ ಇಲಿಗೆ ಸಂಕಟದ ಸುದ್ದಿಯನ್ನೂ ಕೊಟ್ಟಿರಲಿಲ್ಲ.

ಸೀರೆ ಕೂಡ ಬದಲಿಸದೆ ಆಟೋ ಹತ್ತಿ ಸ್ಕ್ಯಾನಿಂಗ್ ಸೆಂಟರಿಗೆ ಹೋದೆ. ಈ ಸಲ ನೀರಿನ ಬಾಟಲಿ ಮುಟ್ಟಲಿಲ್ಲ.

"ಯಜಮಾನ್ರಿಗೆ ಎಲ್ಲಾ ಹೇಳಿದ್ದೀನಲ್ಲ ಮೇಡಂ," ಎಂದರು ಡಾಕ್ಟರಮ್ಮ.

"ಕಂಕುಳು ಅವರದಾ?" ಎಂದೆ.

ಅವರು ನನ್ನನ್ನು ಮಲಗಿಸಿ, ಮತ್ತೆ ಜೆಲ್ಲು ಬಳಿದು, ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಮೊದಲು ಎಡ ಕಂಕುಳು ತೋರಿಸಿದರು. ಆರೋಗ್ಯವಾಗಿರುವ ಗ್ರಂಥಿ ಉದ್ದುದ್ದಕ್ಕೆ ಇರುತ್ತದೆ, ಅಂಚು ತೆಳು ಕಪ್ಪು, ನಡುವೆ ಬಿಳುಪು. ಬಲಗಡೆಯವು ಗುಂಡಗೆ ಊದಿಕೊಂಡಿದ್ದವು. ನಡುವಿನ ಬಿಳುಪು ಹೋಗಿ ಪೂರ್ತಿ ಕಪ್ಪಾಗಿದ್ದವು. ನನ್ನಂಥವಳಿಗೂ ವ್ಯತ್ಯಾಸ ತಿಳಿಯಿತು. ತೋರಿಸುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಅಲ್ಲಿಂದಲೇ ಸರ್ಜನ್ ಹತ್ತಿರ ಹೋದೆ. ಅವರಿಗೆ ಯಾರೂ ಏನೂ ತಿಳಿಸಿರಲಿಲ್ಲ. ಬೈದುಕೊಂಡೇ ಆಪರೇಷನ್ನಿಗೆ ದಿನ ಕೊಟ್ಟರು. ಅದು ಗೃಹಪ್ರವೇಶದ ಹಿಂದಿನ ದಿನ. ಪೂಜೆಗೆ ತೊಂದರೆಯಾಗುತ್ತದಲ್ಲ ಎಂದು, ನಾಚಿಕೆಗೆಟ್ಟವಳು ನಾನು, ಪುರೋಹಿತರಿಗೂ ಫೋನು ಮಾಡಿದೆ. ಅವರು ತಣ್ಣಗೆ, "ಹೆಂಡತಿ ಕೂರೋಕಾಗ್ದಿದ್ರೆ ಪಕ್ಕದಲ್ಲಿ ದರ್ಭೆ ಇಟ್ಕೊಂಡು ಮಾಡ್ಬಹುದಮ್ಮ. ಯಜಮಾನ್ರಿಗೆ ಆಗ್ಲೇ ಹೇಳಿದ್ನಲ್ಲ," ಎಂದರು.

ಶಾಸ್ತ್ರ ನನ್ನನ್ನು ಎಂದೋ ಬಿಟ್ಟುಕೊಟ್ಟಿತ್ತು. ಸಂಜೆ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದೆ. ಅವರು ನನ್ನ ಮುಖ ನೋಡದೆ, "ದರ್ಭೆ ಏನೋ ಆಗತ್ತೆ. ಬಂದವ್ರು ಎಲ್ಲಿ ನಿಮ್ಮ ಹೆಂಡ್ತಿ ಅಂದ್ರೆ ಏನ್ ಹೇಳ್ಲಿ? ಎದೆ ಕುಯ್ಸೋಕೆ ಹೋಗಿದ್ದಾಳೆ ಅನ್ನಕ್ಕಾಗತ್ತಾ?" ಎಂದರು. ಕೆಟ್ಟ ಮನುಷ್ಯ ಎಂದು ಬೈಯಲೂ ಆಗಲಿಲ್ಲ. ನಿಜವಾಗಿಯೂ ಅವರಿಗೆ ಇದ್ದ ಕಷ್ಟ ಅಷ್ಟೇ. ಅದಕ್ಕೇ ಹೆಚ್ಚು ಅಸಹ್ಯವಾಯಿತು. ಅಷ್ಟು ವರ್ಷ ಈ ಮನುಷ್ಯನ ಎಂಜಲು ತಟ್ಟೆಯಲ್ಲಿ ಉಂಡೆನಲ್ಲ ಎನಿಸಿತು.

ಆಪರೇಷನ್ ಆಯಿತು. ತವರಿನಿಂದ ತಂಗಿ ಬಂದು ಜೊತೆಗಿದ್ದಳು. ಮಾರನೆಯ ಬೆಳಿಗ್ಗೆ ಸರ್ಜನ್ ಬಂದು ಮಂಚದ ಪಕ್ಕದಲ್ಲಿ ಕೂತರು. "ನಿಮಗೇ ಹೇಳ್ಬೇಕು ಅಂದಿದ್ರಿ. ಕೆಳಗಿನ ಗ್ರಂಥಿಗಳು ಒಂದಕ್ಕೊಂದು ಅಂಟ್ಕೊಳ್ಳೋಕೆ ಶುರುವಾಗಿತ್ತು. ಎಲ್ಲಾ ತೆಗೆದಿದ್ದೀನಿ. ಮೇಲಿನವು ನೋಡೋಕೆ ಚೆನ್ನಾಗೇ ಇದ್ವು. ಲ್ಯಾಬಿಂದ ಬಂದ್ಮೇಲೆ ಮಿಕ್ಕಿದ್ದು ಹೇಳ್ತೀನಿ," ಎಂದರು. ಆ ಕೆಟ್ಟ ಸುದ್ದಿ ನನ್ನ ಕೈಗೇ ನೇರವಾಗಿ ಬಂದದ್ದಕ್ಕೆ ಒಂದು ಬಗೆಯ ನೆಮ್ಮದಿಯಾಯಿತು.

ಮಧ್ಯಾಹ್ನ ಗಂಡ ಬಂದರು. ಜರಿಪಂಚೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹೋಳಿಗೆಯ ಡಬ್ಬಿ. ನನ್ನ ಕಂಕುಳಿನಿಂದ ಇಳಿದಿದ್ದ ಕೊಳವೆ, ಅದರ ತುದಿಯ ಕೆಂಪು ನೀರಿನ ಚೀಲ ಕಂಡು ಕಿಟಕಿಯ ಕಡೆಗೆ ತಿರುಗಿ ಕೂತರು. ಹಾಲು ಪೂರ್ವಕ್ಕೇ ಉಕ್ಕಿತೆಂದು ಹೇಳಿದರು. ಯಾರು ಯಾರು ಬಂದಿದ್ದರು, ಯಾರು ಹೋಳಿಗೆಯನ್ನು ಹೊಗಳಿದರು ಎಂದು ಹೇಳಿದರು. ನನಗೆ ಕಾಮಾಲೆ ಎಂದು ಎಲ್ಲರನ್ನೂ ನಂಬಿಸಿದ್ದನ್ನೂ ಹೇಳಿದರು. ಡಾಕ್ಟರು ಏನೆಂದರು ಎಂದು ಮಾತ್ರ ಕೇಳಲಿಲ್ಲ.

ನಾನೂ ಹೇಳಲಿಲ್ಲ.