ಮುಹೂರ್ತದ ಹೊತ್ತಿಗೆ ಕಡಿದ ಲೈನು

೧೯೯೯ರಲ್ಲಿ, ಒಂಬತ್ತನೇ ತರಗತಿಗೆ ನಾನು ಶಾಲೆ ಬಿಟ್ಟೆ. ಆಗ ಕೇಬಲ್ ಟಿ.ವಿ. ವೈರು ಹೊತ್ತು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಗಳ ಮಾಳಿಗೆ ಹತ್ತಿದವನು ಈಗ ಅದೇ ಮನೆಗಳಿಗೆ ಇಂಟರ್ನೆಟ್ ಕೊಡುತ್ತೇನೆ. ನೆಟ್ ಹಂಚುವ ಡಬ್ಬಿಗೆ ಸ್ವಿಚ್ಚು ಅನ್ನುತ್ತೇವೆ; ಅದರ ಪೋರ್ಟು, ಅಂದರೆ ಲೈನು ಸಿಗಿಸುವ ಕಿಂಡಿ, ಹೊಂದಿಸುವುದನ್ನು ಯಾರೂ ಕಲಿಸಲಿಲ್ಲ. ಕೆಡಿಸಿ, ಸರಿಮಾಡಿ ಕಲಿತೆ. ಕೆ.ಬಿ. ಬಡಾವಣೆಯ ಒಂದು ಮನೆಯ ಮೇಲಿನ ಕೋಣೆಗೆ ಹೊರಗಿನಿಂದ ಎರಡು ಲೈನು ಬರುತ್ತವೆ. ಅವನ್ನು ಜೋಡಿ ಮಾಡಿ, ಎಲ್ಲ ಮನೆಗಳ ಬಳಕೆಯನ್ನು ಎರಡಕ್ಕೂ ಹಂಚಿದ್ದೇನೆ. ಕೋಣೆಗೆ ಕಬ್ಬಿಣದ ಬಾಗಿಲು, ದೊಡ್ಡ ಬ್ಯಾಟರಿ. ಬೇರೆ ಕೇಬಲ್‌ನವರು ಇಣುಕಿದರೂ ತಿಳಿಯಬಾರದೆಂದು ಯಾವ ಡಬ್ಬಿಯ ಮೇಲೂ ಹೆಸರು ಬರೆದಿಲ್ಲ. ಬೀಗದ ಕೈ ನನ್ನ ಜೇಬಿನಲ್ಲೇ.

ಕಳೆದ ಬೇಸಿಗೆ ಹರಿಹರದಲ್ಲಿ ಅಕ್ಕನ ಮಗಳ ಮದುವೆ. ನಮ್ಮಲ್ಲಿ ಹುಡುಗಿಯ ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಅಕ್ಕನಿಗೆ ಒಡಹುಟ್ಟಿದವನು ನಾನೊಬ್ಬನೇ. ಪೇಟ ಕಟ್ಟಿಸಿಕೊಂಡು ಕೂತಿದ್ದಾಗ ಸ್ಕ್ಯಾನಿಂಗ್ ಸೆಂಟರಿನವರ ಫೋನು ಬಂತು.

"ಅಣ್ಣಾ, ರಿಪೋರ್ಟ್ ಹೋಗ್ತಾನೇ ಇಲ್ಲ. ಎತ್ತಿನ ಗಾಡಿ ಆಗೈತೆ ನಿಮ್ ನೆಟ್ಟು."

ಮೊಬೈಲಿನಿಂದಲೇ ಸ್ವಿಚ್ಚಿನೊಳಗೆ ಹೋದೆ. ಮೊದಲ ಲೈನು ಕಿಕ್ಕಿರಿದಿತ್ತು, ಎರಡನೆಯದು ಖಾಲಿ. ಮೊದಲನೆಯದರ ಪೋರ್ಟನ್ನು ಜೋಡಿಯಿಂದ ಬಿಡಿಸಿ ಮತ್ತೆ ಸೇರಿಸಿದರೆ ಹಂಚಿಕೆ ಸರಿಹೋಗುತ್ತದೆ. ಎಷ್ಟೋ ಸಲ ಮಾಡಿದ ಕೆಲಸ, ಆದರೆ ಆ ಕೋಣೆಯಲ್ಲೇ ಕೂತು. ಈಗ ನಾನು ಒಳಹೊಕ್ಕಿದ್ದೇ ಆ ಪೋರ್ಟಿನಿಂದ. ಬಿಡಿಸಿದ ಕೂಡಲೇ ನಾನೇ ಹೊರಗೆ ಬಿದ್ದೆ. ಎರಡನೇ ಲೈನು ಖಾಲಿ ಇದ್ದದ್ದು ಅದು ಸತ್ತಿದ್ದಕ್ಕೆ ಎಂದು ಆಗ ತಿಳಿಯಿತು. ಒಂದು ಮನೆಗೂ ನೆಟ್ ಇಲ್ಲ.

ಬದಲಾವಣೆಯನ್ನು ಸೇವ್ ಮಾಡಿರಲಿಲ್ಲ. ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿದರೆ ಹಳೆಯದಕ್ಕೆ ಮರಳುತ್ತದೆ. ಕೋಣೆ ಇರುವ ಮನೆಯ ಯಜಮಾನರಿಗೆ ಫೋನು ಮಾಡಿ ಹೇಳಿದೆ.

"ಮೇನ್ ಆಫ್ ಮಾಡ್ಲೇನು?"

"ಬ್ಯಾಡ್ರಿ, ಬ್ಯಾಟ್ರಿ ಐತೆ. ಆರಂಗಿಲ್ಲ."

"ಬೀಗ ಒಡೀಲೇನು ಮತ್ತೆ?"

"ಅದು ಒಡಿಯೋ ಬೀಗ ಅಲ್ರಿ."

"ಹಂಗಾದ್ರ ನೀನೇ ಬಾರಪ್ಪ."

ಎದ್ದು ನಿಂತಿದ್ದನ್ನು ಭಾವ ಕಂಡರು. "ಮುಹೂರ್ತ ಹತ್ರ ಬಂತು. ಎಲ್ಲಿಗೆ ಹೊಂಟಿ?"

"ದಾವಣಗೆರೆಗೆ ಹೋಗಿ ಬಂದುಬಿಡ್ತೀನಿ ಭಾವ. ಊರೆಲ್ಲ ಬೈತೈತೆ."

"ಊರು ಬೈದ್ರೆ ಬೈಲಿ. ನಿಮ್ಮಕ್ಕ ಶುರು ಮಾಡಿದ್ರೆ ನಾನೆಲ್ಲಿಗೆ ಹೋಗ್ಲಿ? ಚಾವಿ ಕೊಡು, ನನ್ ತಮ್ಮ ಹೋಗ್ತಾನೆ."

ಕೈ ಜೇಬಿಗೆ ಹೋಯಿತು, ಹೊರಗೆ ಬರಲಿಲ್ಲ. ಆ ಕೋಣೆಯಲ್ಲಿ ಒಂದೇ ಬಣ್ಣದ ಎಂಟು ಡಬ್ಬಿಗಳಿವೆ. ಯಾವುದನ್ನು ಆಫ್ ಮಾಡಬೇಕೆಂದು ಫೋನಿನಲ್ಲಿ ಹೇಗೆ ಹೇಳಲಿ? ಕೆಲವು ಡಬ್ಬಿಗಳಲ್ಲಿ ಹೊಂದಿಸಿದ್ದನ್ನು ಸೇವ್ ಮಾಡೇ ಇಲ್ಲ; ತಪ್ಪಾದದ್ದನ್ನು ಮುಟ್ಟಿದರೆ ಎಲ್ಲ ಮೊದಲಿನಿಂದ ಕಟ್ಟಬೇಕು. ಇಷ್ಟು ವರ್ಷ ಇನ್ನೊಬ್ಬರು ಹೊಗದಂತೆ ಕಟ್ಟಿದ್ದೆ. ಈಗ ನನಗೇ ಬಿಡಿಸಿಕೊಳ್ಳಲು ಬರಲಿಲ್ಲ.

ಪೇಟದ ಮೇಲೆ ಹೆಲ್ಮೆಟ್ ಕೂರಲಿಲ್ಲ. ಪೇಟ ತೆಗೆದು ಭಾವನ ಕೈಗಿಟ್ಟೆ.

ದಾವಣಗೆರೆಯ ಕೋಣೆ ಸೇರಿದ ಮೇಲೆ ಸ್ವಿಚ್ಚು ಆರಿಸಿ ಹಾಕುವುದು ಚಿಟಿಕೆ ಹೊಡೆದಷ್ಟು ಕೆಲಸ. ನೆಟ್ ಬಂತು, ನಿಧಾನಕ್ಕಾದರೂ ಬಂತು. ಮರಳುವಷ್ಟರಲ್ಲಿ ಹುಡುಗಿಯ ಕೊರಳಿಗೆ ತಾಳಿ ಬಿದ್ದಿತ್ತು. ಪೇಟ ನಮ್ಮ ಚಿಕ್ಕಪ್ಪನ ಮಗನ ತಲೆಯ ಮೇಲಿತ್ತು.

ಅಕ್ಕ ಬೈಯಲಿಲ್ಲ. "ಊಟಕ್ಕೆ ಕೂಡು ಹೋಗು" ಎಂದಳು, ಮುಖ ನೋಡದೆ. ಮದುಮಗಳು ಮಾತ್ರ ಅಕ್ಷತೆ ಕೊಡವಿಕೊಳ್ಳುತ್ತ ಕೇಳಿದಳು: "ಮಾವ, ನೆಟ್ ಬಂತಾ?"

ಬಂತು ಎಂದೆ. ಅಷ್ಟರಲ್ಲಿ ಮತ್ತೆ ಫೋನು.

ಈಗ ನನ್ನ ಹತ್ತಿರ ಲೈನು ಎರಡು, ಫೋನು ಎರಡು, ಬೈಕು ಒಂದು, ಮನೆಗಳು ನಾನೂರರ ಮೇಲೆ. ಕೈಹಿಡಿದು ಹಸೆಮಣೆಗೆ ಕರೆತರಲು ಅಕ್ಕನಿಗೆ ಇನ್ನೊಬ್ಬ ಮಗಳಿಲ್ಲ.