ಕುಂಟುವ ಉಪಗ್ರಹಗಳು

ನಿನ್ನೆ ಟ್ರಂಕು ತೆಗೆದೆ. ಒಳಗಿದ್ದ ಕಂಬಳಿಯಿಂದ ಕುರಿಯ ವಾಸನೆ ಎದ್ದು ಬಂತು. ಕುರಿ ಮಾರಿ ಎಷ್ಟೋ ವರ್ಷವಾಯಿತು, ಕಂಬಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಈ ವಾಸನೆ ಬಂದರೆ ನನಗೆ ಕುರಿ ನೆನಪಾಗುವುದಿಲ್ಲ, ಉಪಗ್ರಹ ನೆನಪಾಗುತ್ತದೆ. ನಗಬೇಡಿ. ನಮ್ಮ ಮಾವನ ಕಣ್ಣು ಉಳಿಸಿಕೊಳ್ಳಲು ನನ್ನ ಕೈಯಲ್ಲಿ ಮೂರು ತಿಂಗಳಿತ್ತು. ಅದನ್ನು ಹೇಗೆ ಕಳೆದೆ ಎಂದು ಹೇಳುತ್ತೇನೆ.

ಮಾವ, ಅಂದರೆ ನನ್ನ ಗಂಡನ ತಂದೆ, ಬೋನಾಳದ ಕಡೆ ಕುರಿ ಕಾಯ್ದವರು. ಕಾಲುವೆಗೆ ನೀರು ಬಂತು, ಕುರಿ ಮೇಯುತ್ತಿದ್ದ ಬಯಲೆಲ್ಲ ಭತ್ತದ ಗದ್ದೆಯಾಯಿತು. ಕುರಿ ಮಾರಿ ರಂಗಂಪೇಟೆಯ ನಮ್ಮ ಮನೆಗೆ ಬಂದರು. ನೀರು ಬಂದದ್ದಕ್ಕೆ ಊರೆಲ್ಲ ಖುಷಿ, ಅವರೂ ಬೇಜಾರೆನ್ನಲಿಲ್ಲ. ಆದರೆ ಹೊತ್ತು ಮುಳುಗಿದರೆ ಸಾಕು, ಚಡಪಡಿಸುತ್ತಿದ್ದರು. ಅದು ಕುರಿ ದೊಡ್ಡಿಗೆ ಬರುವ ಹೊತ್ತು. ಬಾಗಿಲಲ್ಲಿ ನಿಂತು ಒಂದೊಂದರ ನಡಿಗೆ ನೋಡಿ, ಯಾವುದಕ್ಕೆ ಜಡ್ಡು, ಯಾವುದು ಗಟ್ಟಿ ಎಂದು ಹೇಳುವುದು ಅವರ ನಲವತ್ತು ವರ್ಷದ ನೌಕರಿ.

ನಾನು ಗೋಗಿಯಲ್ಲಿ ವಿಜ್ಞಾನದ ಟೀಚರು. ಉಪಕಾರ ಮಾಡುವ ಚಟ ಉಳ್ಳವಳು. ಸುರಪುರದ ಇಂಟರ್ನೆಟ್ ಅಂಗಡಿಯಲ್ಲಿ ಉಪಗ್ರಹಗಳ ವೇಳಾಪಟ್ಟಿ ಮುದ್ರಿಸಿ ತಂದು, ಸಂಜೆ ಇದೇ ಕಂಬಳಿ ಹೊದ್ದ ಅವರನ್ನು ಮಾಳಿಗೆ ಹತ್ತಿಸಿದೆ. ಪಟ್ಟಿಯಲ್ಲಿದ್ದ ನಿಮಿಷಕ್ಕೇ ಒಂದು ಚುಕ್ಕಿ ಬಂತು. ಗೋಗಿ ಬಸ್ಸಿಗೆ ಕಾದು ಸವೆದ ನನಗೇ ಹೆಚ್ಚು ಆಶ್ಚರ್ಯ. ಕೆಲಸ ಮಾಡುವ ಉಪಗ್ರಹ ಮೈ ಹಿಡಿತದಲ್ಲಿಟ್ಟುಕೊಂಡು ಒಂದೇ ಸಮ ಬೆಳಗುತ್ತ ಸಾಗುತ್ತದೆ. ಕೆಟ್ಟದ್ದು ಉರುಳಾಡುತ್ತದೆ, ಬಿಸಿಲು ಬಡಿದಾಗೊಮ್ಮೆ ಮಿನುಗಿ ಆರುತ್ತದೆ ಎಂದು ಪಾಠ ಮಾಡಿದೆ.

“ಕುಂಟತದ ಅನ್ನು,” ಎಂದರು ಮಾವ. “ಇಷ್ಟ ಹೇಳಾಕ ಅಷ್ಟ ಮಾತ್ಯಾಕ?”

ಅಂದಿನಿಂದ ಅವರು ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ತೀರ್ಪು ಎರಡೇ: ಗಟ್ಟಿ, ಇಲ್ಲವೇ ಸತ್ತದ. ಒಮ್ಮೆ ಸತ್ತವುಗಳ ಪಟ್ಟಿಯನ್ನು ಇಂಟರ್ನೆಟ್ಟಿನ ಹವ್ಯಾಸಿ ಆಕಾಶ ವೀಕ್ಷಕರ ಗುಂಪಿಗೆ ಕಳಿಸಿದೆ. ಎಲ್ಲವೂ ಸರಿ, ಅವು ಕೆಲಸ ನಿಲ್ಲಿಸಿ ವರ್ಷಗಳಾದವು ಎಂದು ಯಾವುದೋ ದೇಶದಿಂದ ಒಬ್ಬರು ಬರೆದರು. “ಅವ್ರೂ ಕುರಿ ಕಾಯ್ದವ್ರೇನು?” ಎಂದು ಮಾವ ಕೇಳಿದರು.

ಆ ವರ್ಷದ ಯುಗಾದಿ ಕಳೆದ ಮೇಲೆ ಅವರು ಗಟ್ಟಿಮುಟ್ಟಾದ ಉಪಗ್ರಹಗಳನ್ನೂ ಸಾಯಿಸತೊಡಗಿದರು.

“ಇದೂ ಕುಂಟಾಕತ್ತದ.”

“ಇಲ್ರೀ ಮಾವಾರ, ಸೀದಾ ಹೊಂಟದ.”

“ನಡುನಡುವ ಕಾಣವಲ್ದು. ಸತ್ತದ, ಬರಿ. ನನಗ ನಡಿಗಿ ಕಲಸ್ತೀ?”

ಒಂದು ವಾರ ವಾದಿಸಿದೆ. ಆಮೇಲೆ ಅವರು ಹೇಳಿದಂತೆ ಬರೆದುಕೊಂಡು, ಕೆಳಗಿಳಿದ ಮೇಲೆ ಗೀಟು ಎಳೆದು ಕೆಂಪು ಪೆನ್ನಿನಲ್ಲಿ “ಗಟ್ಟಿ” ಎಂದು ತಿದ್ದಿದೆ. ಹಿರಿಯರ ಮನಸ್ಸು ನೋಯಿಸಬಾರದಲ್ಲ! ನನ್ನ ದೊಡ್ಡತನವನ್ನು ನಾನೇ ಮೆಚ್ಚಿಕೊಂಡೆ. ಆಕಾಶದ ಯಂತ್ರಗಳೆಲ್ಲ ಒಂದೇ ಬೇಸಿಗೆಗೆ ಕೆಡಲಾರವು ಎಂಬುದು ಗೊತ್ತಿದ್ದವಳಿಗೆ, ಹಾಗಾದರೆ ಕೆಟ್ಟದ್ದು ಯಾವುದು ಎಂಬ ಪ್ರಶ್ನೆ ಹೊಳೆಯಲಿಲ್ಲ.

ಮೂರು ತಿಂಗಳಾದ ಮೇಲೆ ಮಾವ ಹಗಲಿನಲ್ಲೇ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡರು. ಯಾದಗಿರಿಯ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣೊಳಗಿನ ಒತ್ತಡ ಏರಿ ನರ ಬಹುಪಾಲು ಸತ್ತಿದೆ, ನೋಟದಲ್ಲಿ ಅಲ್ಲಲ್ಲಿ ತೂತು ಬಿದ್ದಿವೆ ಎಂದರು. ಚುಕ್ಕಿ ಆ ತೂತಿಗೆ ಬಂದರೆ ಕಾಣದು, ದಾಟಿದರೆ ಮತ್ತೆ ಕಾಣುತ್ತದೆ.

“ಮೊದಲ ಬಂದಿದ್ರ ಇದ್ದಷ್ಟು ಉಳಿಸಬಹುದಿತ್ರಿ. ಯಾವಾಗಿಂದ ಹಿಂಗಾಗೇದ, ಗೊತ್ತದೇನು?”

ಗೊತ್ತಿತ್ತು. ತಾರೀಕು, ನಿಮಿಷ ಸಮೇತ ಗೊತ್ತಿತ್ತು. ದಿನವೂ ನಾನೇ ತಿದ್ದಿದ್ದೆ. ಬಸ್ಸಿನಲ್ಲಿ ಮರಳುವಾಗ ಮಾವನಿಗೆ ಎಲ್ಲ ಹೇಳಿ ಕಣ್ಣೀರು ಹಾಕಿದೆ. ಶಹಾಪುರ ದಾಟಿದ ಮೇಲೆ ಅವರು ಕೇಳಿದರು:

“ಹಂಗಾರ ಅವು ಎಲ್ಲಾ ಬದುಕ್ಯಾವೇನು?”

“ಹೌದ್ರಿ.”

“ಚಲೋ ಆತು,” ಎಂದರು.

ನಿನ್ನೆ ಸಂಜೆಯೂ ಮಾಳಿಗೆ ಹತ್ತಿದೆವು, ಅವರ ಕೈ ನನ್ನ ಹೆಗಲ ಮೇಲೆ. ಈಗ ಅವರಿಗೆ ಚುಕ್ಕಿ ಕಾಣುವುದೇ ಇಲ್ಲ. “ಬಂತ್ರೀ,” ಎಂದೆ. ಅವರು ಮುಖ ಮೇಲೆತ್ತಿದರು.

“ಹೆಂಗ ನಡದದ?”

ಅದು ದಾಟಿ ಹೋಗುವವರೆಗೂ ನೋಡಿದೆ. “ಸೀದಾ ನಡದದ್ರಿ.”

“ಹಂಗಾರ ಗಟ್ಟಿ ಅಂತ ಬರಿ.”

ಬರೆದೆ. ನೋಡುವ ಕೆಲಸ ನನ್ನದಾಗಿ ಇಷ್ಟು ವರ್ಷವಾದರೂ ಅವರು ನನ್ನ ಮಾತನ್ನು ಒಮ್ಮೆಯೂ ತಿದ್ದಿಲ್ಲ.