ಬೇವಿನ ಗಿಡದವರೆಗೆ ನೀರು

ಕಾರವಾರದ ಬಂದರಿನ ಚಿತ್ರ ಬರೆಯಲು ರಾಮದುರ್ಗದಿಂದ ಹೊರಟಿದ್ದೆ. ಸವದತ್ತಿಯ ಹತ್ತಿರವೇ ಬಸ್ಸು ಕೆಟ್ಟಿತು. ಹೊಸ ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿಗಳು ನಿಂತಿದ್ದವು. ಇದೂ ಬಂದರೇ ಅಂದುಕೊಂಡು ದಂಡೆಯಲ್ಲಿ ಕೂತು ಗಡಿಬಿಡಿಯಲ್ಲಿ ಬಣ್ಣ ಬಳಿದೆ. ರುಮಾಲಿನ ರೈತನೊಬ್ಬ ಬೆನ್ನ ಹಿಂದೆ ಬಂದು ನಿಂತ.

“ಸರಕಾರದವ್ರೇನ್ರಿ?”

“ಅಲ್ರಿ, ನಾ ಚಿತ್ರಾ ತಗಿಯಾಂವ.”

“ನಮ್ಮ ಗ್ವಾಡಿಗೆ ಮುಳುಗಡಿ ಗೆರಿ ಹೊಡದವ್ರೂ ಬಣ್ಣದ ಡಬ್ಬಿ ತಂದಿದ್ರು.”

ಬಗ್ಗಿ ಚಿತ್ರ ನೋಡಿದ. “ಬೇವಿನ ಗಿಡದ ಮಟಾ ನೀರು ಎಲ್ಲಿ ಬಂದೈತ್ರಿ?”

ಚಂದ ಕಾಣಲೆಂದು ನಾನೇ ನೀರನ್ನು ಮೇಲಕ್ಕೆ ತಂದಿದ್ದೆ. ಹಾಗೆಂದೆ.

“ಆ ಗಿಡದ ಬಾಜೂಕ ನಮ್ಮ ಮನಿ ಐತ್ರಿ. ನೀರು ಹಿಂದಕ್ಕ ಸರಸ್ರಿ.”

ರಿಪೇರಿಯಾದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆತ ಕದಲಲಿಲ್ಲ. ಮಣ್ಣಿನ ಬಣ್ಣ ಕಲಸಿ ಅಷ್ಟು ನೀಲಿಯನ್ನು ಮುಚ್ಚಿದೆ.

“ಇನ್ನೊಂದೀಟು ಸರಸ್ರಿ,” ಅಂದ. “ಮಳಿಗಾಲ ಇನ್ನೂ ಬಾಕಿ ಐತಿ.”